ಹೊಸ ಕಾರಿಗೆ ಮೈಲೇಜ್ ಬರುತ್ತಿಲ್ಲವೇ? ದೋಷ ಹುಡುಕುವ ಕ್ರಮ

ಈ ಕೈಪಿಡಿ ಒಂದೇ ಒಂದು ದೂರಿಗಾಗಿ ಬರೆದದ್ದು. ಕಾರು ಹೊಸದು, 1.2 ಲೀಟರ್ ಆಸುಪಾಸಿನ ಪೆಟ್ರೋಲ್ ಎಂಜಿನ್. ಓಡುವುದು ಹೆಚ್ಚಾಗಿ ಬೆಂಗಳೂರಿನಲ್ಲಿ. ಕಂಪನಿ ಹೇಳಿದ್ದು ಲೀಟರಿಗೆ 20 ಕಿ.ಮೀ.ಗಿಂತ ಜಾಸ್ತಿ, ಸಿಗುತ್ತಿರುವುದು 11 ಅಥವಾ 12. ಎಂಜಿನ್ ಲೈಟ್ ಹತ್ತಿಲ್ಲ, ಹೊಗೆಯಿಲ್ಲ, ಪಿಕಪ್ ಚೆನ್ನಾಗಿದೆ. ಸರ್ವೀಸ್ ಸೆಂಟರ್‌ನಲ್ಲಿ ಕೇಳಿದರೆ "ಮೂರು ಸರ್ವೀಸ್ ಆಗ್ಲಿ ಸರ್, ಆಮೇಲೆ ಬರುತ್ತೆ" ಎನ್ನುತ್ತಾರೆ. ಮನೆಯವರು "ನೀವು ಓಡಿಸೋದೇ ಹಾಗೆ" ಎನ್ನುತ್ತಾರೆ. ಎರಡೂ ನಿಜವಿರಬಹುದು, ಎರಡೂ ಸುಳ್ಳಿರಬಹುದು. ಅಳೆದು ನೋಡದೆ ಗೊತ್ತಾಗುವುದಿಲ್ಲ.

ಹುಡುಕುವಾಗ ಒಂದು ಮಾತು ನೆನಪಿರಲಿ. ಎಷ್ಟು ಮೈಲೇಜ್ ಹೋಗಿದೆಯೋ ಅಷ್ಟನ್ನು ತಿನ್ನುವ ಶಕ್ತಿ ನೀವು ಹುಡುಕಿದ ಕಾರಣಕ್ಕೆ ಇರಬೇಕು. ಟೈರಿನ ಗಾಳಿ ಸ್ವಲ್ಪ ಕಡಿಮೆಯಾದರೆ ನೂರಕ್ಕೆ ಒಂದೆರಡು ಭಾಗ ಹೋಗುತ್ತದೆ. ಡಿಕ್ಕಿಯಲ್ಲಿ 45 ಕೆ.ಜಿ. ಸಾಮಾನು ಸುಮ್ನೆ ಬಿದ್ದಿದ್ದರೆ ಸುಮಾರು ನೂರಕ್ಕೆ ಒಂದು ಭಾಗ. ಇವನ್ನು ಸರಿ ಮಾಡಬೇಕು, ನಿಜ. ಆದರೆ 20 ಬರಬೇಕಾದ ಕಡೆ 12 ಬಂದರೆ ಹೋಗಿರುವುದು ನೂರಕ್ಕೆ 40 ಭಾಗ. ಗಾಳಿ ತುಂಬಿಸಿದರೆ ಅದು ವಾಪಸ್ ಬರುವುದಿಲ್ಲ. ದೊಡ್ಡ ನಷ್ಟಕ್ಕೆ ದೊಡ್ಡ ಕಾರಣವನ್ನೇ ಹುಡುಕಬೇಕು. ಅದಕ್ಕೇ ಇಲ್ಲಿ ಮೊದಲು ಅಳತೆ, ಆಮೇಲೆ ರಸ್ತೆ, ಆಮೇಲೆ ಓಡಿಸುವ ರೀತಿ, ಕೊನೆಗೆ ಕಾರು. ಹಿಂದುಮುಂದು ಮಾಡಿದರೆ ಬೇಡದ ಭಾಗ ಬದಲಿಸಿ ದುಡ್ಡು ಕಳೆಯುವುದೇ ಆಗುತ್ತದೆ.

ಅಳತೆ ಸರಿ ಇದೆಯಾ?

ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಒಂದು ಲೆಕ್ಕಾಚಾರ. ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎನ್ನುವುದರಿಂದ ಕಂಪ್ಯೂಟರ್ ಪೆಟ್ರೋಲನ್ನು ಅಂದಾಜು ಮಾಡುತ್ತದೆ. ಅದು ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವುದು ಸಾಮಾನ್ಯ. ಇವತ್ತಿಗೂ ನಿನ್ನೆಗೂ ಹೋಲಿಸಲು ಅದು ಸಾಕು. ದೂರು ಕೊಡಲು ಸಾಕಾಗುವುದಿಲ್ಲ.

ನಂಬಬಹುದಾದ ದಾರಿ ಫುಲ್ ಟ್ಯಾಂಕ್ ಲೆಕ್ಕ. ಬಂಕಿನಲ್ಲಿ ಗನ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ. ಮೊದಲ ಕಟ್‌ಗೇ ನಿಲ್ಲಿಸಿ. ರೌಂಡ್ ಫಿಗರ್ ಮಾಡಲು ಇನ್ನೊಂದಿಷ್ಟು ಹಾಕಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಅರ್ಧ ಟ್ಯಾಂಕಿಗಿಂತ ಜಾಸ್ತಿ ಖಾಲಿಯಾಗುವವರೆಗೆ ಎಂದಿನಂತೆ ಓಡಿಸಿ. ಮತ್ತೆ ಅದೇ ಬಂಕ್, ಸಾಧ್ಯವಾದರೆ ಅದೇ ಪಂಪ್, ಮೊದಲ ಕಟ್‌ವರೆಗೆ. ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರ್ನಾಲ್ಕು ಟ್ಯಾಂಕ್ ಮಾಡಿ ಒಟ್ಟು ಕಿಲೋಮೀಟರಿಗೆ ಒಟ್ಟು ಲೀಟರ್ ಲೆಕ್ಕ ಹಾಕಿ. ಒಂದೇ ಟ್ಯಾಂಕಿನ ಲೆಕ್ಕದಲ್ಲಿ ಕಟ್ ಒಂದು ಲೀಟರ್ ಹಿಂದುಮುಂದಾದರೂ ಉತ್ತರ ತಪ್ಪುತ್ತದೆ. ಐದು ಲೀಟರ್ ಹಾಕಿಸಿ ಮುಳ್ಳು ನೋಡುತ್ತಾ ಓಡಿಸುವುದಂತೂ ಅಳತೆಯೇ ಅಲ್ಲ.

ಬಂಕಿನ ಮೇಲೆ ಅನುಮಾನವಿದ್ದರೆ ಕೇಳುವ ಹಕ್ಕು ನಿಮಗಿದೆ. ಪ್ರತಿ ಬಂಕಿನಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರೆ ಹಾಕಿದ 5 ಲೀಟರ್ ಅಳತೆಯ ಪಾತ್ರೆ ಇರಬೇಕು. ನಿಮ್ಮೆದುರಿಗೇ ಅದರಲ್ಲಿ ಹಿಡಿದು ತೋರಿಸಿ ಎಂದು ಕೇಳಬಹುದು. 5 ಲೀಟರಿಗೆ 25 ಮಿ.ಲೀ. ಹೆಚ್ಚುಕಮ್ಮಿಯಾದರೆ ಅದು ಮಿತಿಯೊಳಗೆ. ಅಂದರೆ ನೂರಕ್ಕೆ ಅರ್ಧ ಭಾಗ.

ದೂರದ ಅಳತೆಯೂ ತಪ್ಪಬಹುದು. ಹೊಸ ಕಾರಿಗೆ ತಕ್ಷಣ ಅಲಾಯ್ ಹಾಕಿಸಿ ಟೈರ್ ಅಳತೆ ಬದಲಿಸಿದವರು ಇದನ್ನು ನೋಡಲೇಬೇಕು. 175/65 ಆರ್15 ಟೈರಿನ ವ್ಯಾಸ ಸುಮಾರು 608 ಮಿ.ಮೀ. 185/65 ಆರ್15 ಹಾಕಿದರೆ 621 ಮಿ.ಮೀ. ಆಗುತ್ತದೆ. ಒಂದು ಸುತ್ತಿಗೆ ಕಾರು ನೂರಕ್ಕೆ 2 ಭಾಗ ಜಾಸ್ತಿ ದೂರ ಹೋಗುತ್ತದೆ, ಆದರೆ ಮೀಟರಿಗೆ ಅದು ಗೊತ್ತಿಲ್ಲ. ಮೈಲೇಜ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಫೋನಿನ ಜಿಪಿಎಸ್ ಹಾಕಿಕೊಂಡು ಹೈವೇಯಲ್ಲಿ 20 ಕಿ.ಮೀ. ಓಡಿಸಿ ಹೋಲಿಸಿದರೆ ವ್ಯತ್ಯಾಸ ಸಿಗುತ್ತದೆ.

ಆ 20 ಎಲ್ಲಿಂದ ಬಂತು?

ಕಂಪನಿ ಹೇಳುವ ಅಂಕಿ ಪ್ರಯೋಗಾಲಯದ್ದು. ನಾವು ಅದನ್ನು ಎಆರ್‌ಎಐ ಮೈಲೇಜ್ ಎನ್ನುತ್ತೇವೆ. ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಹೆಸರಿನಿಂದ ಬಂದ ರೂಢಿ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಬರೆದಿಟ್ಟ ಒಂದು ವೇಗದ ಪಟ್ಟಿಯಂತೆ ಓಡಿಸುತ್ತಾರೆ. ಈ ಪಟ್ಟಿಯ ಹೆಸರು ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್. 20 ನಿಮಿಷಕ್ಕಿಂತ ಸ್ವಲ್ಪ ಕಡಿಮೆ ಹೊತ್ತು. ಗರಿಷ್ಠ ವೇಗ 90. ವೇಗ ಏರುವುದು ಬಹಳ ನಿಧಾನ. ಎಸಿ ಆಫ್. ಎದುರು ಗಾಳಿ ಇಲ್ಲ, ಹಂಪ್ ಇಲ್ಲ, ಅಡ್ಡ ನುಗ್ಗುವ ಆಟೋ ಇಲ್ಲ. ಆ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ 30 ಕಿ.ಮೀ. ದಾಟುತ್ತದೆ. ಆಫೀಸ್ ಹೊತ್ತಿನಲ್ಲಿ ಸಿಲ್ಕ್ ಬೋರ್ಡ್ ಮೂಲಕ ಹೋಗುವವರು ಆ ಸರಾಸರಿಯನ್ನು ಭಾನುವಾರ ಬೆಳಗ್ಗೆ ಮಾತ್ರ ನೋಡಿರುತ್ತಾರೆ.

ಹಾಗಂತ ಆ ಅಂಕಿ ಮೋಸವಲ್ಲ. ಎಲ್ಲ ಕಾರಿಗೂ ಒಂದೇ ಪರೀಕ್ಷೆ. ಅದರಿಂದ ಈ ಕಾರಿಗೂ ಆ ಕಾರಿಗೂ ಹೋಲಿಸಬಹುದು. ನಿಮ್ಮ ರಸ್ತೆಯಲ್ಲಿ ಎಷ್ಟು ಬರುತ್ತದೆ ಎಂದು ಹೇಳುವ ಕೆಲಸ ಅದರದ್ದಲ್ಲ.

ಮೈಲೇಜ್ ಪಕ್ಕದಲ್ಲಿ ಸರಾಸರಿ ವೇಗ ಬರೆಯಿರಿ

ಈ ಕೈಪಿಡಿಯಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಹೆಚ್ಚಿನ ಹೊಸ ಕಾರುಗಳ ಟ್ರಿಪ್ ಕಂಪ್ಯೂಟರಿನಲ್ಲಿ ಸರಾಸರಿ ವೇಗವೂ ಇರುತ್ತದೆ. ಇಲ್ಲದಿದ್ದರೆ ಹೊರಟ ಹೊತ್ತು, ತಲುಪಿದ ಹೊತ್ತು ಗುರುತು ಹಾಕಿಕೊಂಡು ಲೆಕ್ಕ ಹಾಕಿ. ಟ್ಯಾಂಕ್ ತುಂಬಿಸಿದಾಗ ಮೈಲೇಜ್ ಜೊತೆಗೆ ಆ ಟ್ಯಾಂಕಿನ ಸರಾಸರಿ ವೇಗವನ್ನೂ ಬರೆದಿಡಿ. ಮೈಲೇಜನ್ನು ಒಂಟಿಯಾಗಿ ನೋಡಿದರೆ ಅದು ಏನನ್ನೂ ಹೇಳುವುದಿಲ್ಲ.

ಯಾಕೆ ಅಂದರೆ, ಜಾಮ್‌ನಲ್ಲಿ ಪೆಟ್ರೋಲ್ ಖರ್ಚಾಗುವುದು ದೂರಕ್ಕಿಂತ ಹೊತ್ತಿಗೆ. ನಿಂತಲ್ಲೇ ಓಡುವ ಚಿಕ್ಕ ಎಂಜಿನ್ ಗಂಟೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಎಸಿ ಹಾಕಿದರೆ ಒಂದು ಲೀಟರಿನ ಹತ್ತಿರ ಹೋಗುತ್ತದೆ. ಒಂದು ಲೆಕ್ಕ ನೋಡಿ. 10 ಕಿ.ಮೀ. ದಾರಿ. ಕಾರು ಚಲಿಸುವಾಗ ಲೀಟರಿಗೆ 18 ಕೊಡುತ್ತದೆ ಅಂದುಕೊಳ್ಳೋಣ, 0.55 ಲೀಟರ್ ಬೇಕು. ದಾರಿಯಲ್ಲಿ ಸಿಗ್ನಲ್ಲು, ಜಾಮು ಎಲ್ಲ ಸೇರಿ 12 ನಿಮಿಷ ನಿಂತಿತು, ಗಂಟೆಗೆ 0.8 ಲೀಟರಿನಂತೆ 0.16 ಲೀಟರ್. ಒಟ್ಟು 0.71. ಮೈಲೇಜ್ 14ಕ್ಕೆ ಬಂತು. ಕಾರಿನಲ್ಲಿ ದೋಷವಿಲ್ಲ, ಓಡಿಸುವವರದ್ದೂ ತಪ್ಪಿಲ್ಲ.

ಇನ್ನೊಂದು ಖರ್ಚು ಕಣ್ಣಿಗೆ ಕಾಣುವುದಿಲ್ಲ. ಜನ ಕೂತ ಕಾರು 1,100 ಕೆ.ಜಿ. ಇದೆ ಎಂದಿಟ್ಟುಕೊಳ್ಳಿ. ನಿಂತಲ್ಲಿಂದ 50ರ ವೇಗಕ್ಕೆ ತರಲು ಕಾರಿನೊಳಗೆ ತುಂಬುವ ಶಕ್ತಿಗೆ ಸುಮಾರು 13 ಮಿ.ಲೀ. ಪೆಟ್ರೋಲ್ ಬೇಕು. ಕೆಮ್ಮಿನ ಸಿರಪ್ಪಿನ ಮುಚ್ಚಳ ತುಂಬುವಷ್ಟು. ಬ್ರೇಕ್ ಒತ್ತಿ ನಿಲ್ಲಿಸಿದ ಕೂಡಲೇ ಅಷ್ಟೂ ಬ್ರೇಕಿನಲ್ಲಿ ಬಿಸಿಯಾಗಿ ಹೋಯಿತು. 70ಕ್ಕೆ ಏರಿಸಿ ನಿಲ್ಲಿಸಿದರೆ ಅದರ ಎರಡರಷ್ಟು, 26 ಮಿ.ಲೀ. ವೇಗ ಒಂದೂವರೆ ಪಟ್ಟು ಕೂಡ ಆಗಿಲ್ಲ, ಖರ್ಚು ಎರಡು ಪಟ್ಟಾಯಿತು. ಔಟರ್ ರಿಂಗ್ ರೋಡಿನಲ್ಲಿ ಎರಡು ಸಿಗ್ನಲ್ ನಡುವೆ ಖಾಲಿ ಜಾಗ ಕಂಡ ಕೂಡಲೇ ನುಗ್ಗಿ, ಮುಂದಿನ ಕೆಂಪು ದೀಪಕ್ಕೆ ಬ್ರೇಕ್ ಹಾಕುವವರ ಪೆಟ್ರೋಲ್ ಹೋಗುವುದು ಇಲ್ಲೇ.

1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕಿಗೆ, ಎಸಿ ಹಾಕಿಕೊಂಡು, ನನ್ನ ಒರಟು ಅಂದಾಜು ಹೀಗಿದೆ:

ಸರಾಸರಿ ವೇಗ 10ರಿಂದ 12 ಇದ್ದರೆ ಮೈಲೇಜ್ 9ರಿಂದ 11.
15ರಿಂದ 18 ಇದ್ದರೆ 11ರಿಂದ 14.
25ರಿಂದ 30 ಇದ್ದರೆ 15ರಿಂದ 17.
40 ದಾಟಿದರೆ 18 ಮತ್ತು ಮೇಲೆ.

ಎಸ್‌ಯುವಿ ಆಕಾರದ ಎತ್ತರದ ಕಾರಿಗೆ, ಆಟೋಮ್ಯಾಟಿಕ್‌ಗೆ, ಟರ್ಬೊ ಎಂಜಿನ್‌ಗೆ ಇದಕ್ಕಿಂತ ಒಂದೆರಡು ಕಮ್ಮಿ ಹಿಡಿಯಿರಿ. ನಿಮ್ಮ ಜೋಡಿ ಅಂಕಿ ಈ ಸಾಲುಗಳಿಗೆ ಹತ್ತಿರವಿದ್ದರೆ ಕಾರು ಸರಿಯಾಗಿದೆ. ಸರಾಸರಿ ವೇಗ 28 ಇದ್ದೂ ಮೈಲೇಜ್ 11 ಬರುತ್ತಿದ್ದರೆ ಮುಂದೆ ಓದಿ, ಏನೋ ಇದೆ.

ಎರಡು ಕಿ.ಮೀ. ಓಡಾಟ

ಮಗುವನ್ನು ಸ್ಕೂಲಿಗೆ ಬಿಟ್ಟು ಬರುವುದು, ತರಕಾರಿ, ಜಿಮ್, ಅಷ್ಟೇ. ಇಂಥ ಓಡಾಟವೇ ಜಾಸ್ತಿ ಇದ್ದರೆ ಮೈಲೇಜ್ 8ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೆ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಐಡ್ಲಿಂಗ್ ಕೂಡ ಏರಿಸಿ ಇಡುತ್ತದೆ, ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲಿ ಎಂದು. ಆಯಿಲ್ ದಪ್ಪಗಿರುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವ ಹೊತ್ತಿಗೆ ನೀವು ಮನೆ ಗೇಟಿನಲ್ಲಿರುತ್ತೀರಿ.

ಪರೀಕ್ಷೆ ಸುಲಭ. ಒಂದು ವಾರ ಈ ಚಿಕ್ಕ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿ ನೋಡಿ, ಎಂಜಿನ್ ಒಮ್ಮೆ ಮಾತ್ರ ತಣ್ಣಗಿಂದ ಶುರುವಾಗಲಿ. ಮೈಲೇಜ್ ಏರಿದರೆ ಕಾರಣ ಸಿಕ್ಕಿತು. ಬೆಳಗ್ಗೆ ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸಿಟ್ಟು "ಬಿಸಿ ಮಾಡುವ" ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಕಾರ್ಬುರೇಟರ್ ಕಾಲ ಮುಗಿದಿದೆ. ಅರ್ಧ ನಿಮಿಷ ಸಾಕು, ಆಮೇಲೆ ಮೊದಲ ಒಂದೆರಡು ಕಿ.ಮೀ. ಮೆಲ್ಲಗೆ ಓಡಿಸಿದರೆ ಎಂಜಿನ್ ಇನ್ನೂ ಬೇಗ ಬಿಸಿಯಾಗುತ್ತದೆ.

ಇಂಥ ಬಳಕೆ ಇರುವವರು ಆಗಾಗ ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ, ಪೆಟ್ರೋಲ್ ವಾಸನೆ ಇದ್ದರೆ, ಸುಡದ ಪೆಟ್ರೋಲ್ ಆಯಿಲಿಗೆ ಇಳಿಯುತ್ತಿದೆ. ಇದನ್ನು ಸರ್ವೀಸ್ ಸೆಂಟರಿಗೆ ಹೇಳಲೇಬೇಕು.

ಹೊಸ ಎಂಜಿನ್, ಹೊಸ ಪೆಟ್ರೋಲ್

"ಮೂರು ಸರ್ವೀಸ್ ಆಗ್ಲಿ" ಎನ್ನುವುದರಲ್ಲಿ ಸ್ವಲ್ಪ ಸತ್ಯವಿದೆ. ಪಿಸ್ಟನ್ ರಿಂಗು, ಬೇರಿಂಗು, ಗೇರುಗಳು ಒಂದಕ್ಕೊಂದು ಹೊಂದಿಕೊಳ್ಳಲು ಕೆಲವು ಸಾವಿರ ಕಿ.ಮೀ. ಬೇಕು. ಅಲ್ಲಿಯವರೆಗೆ ಉಜ್ಜಾಟ ಸ್ವಲ್ಪ ಜಾಸ್ತಿ. ಮೊದಲ 1,000 ಕಿ.ಮೀ.ನಲ್ಲಿ ಫುಲ್ ಆಕ್ಸಿಲರೇಟರ್ ಕೊಡಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ ಎಂದು ಮ್ಯಾನುಯಲ್ ಹೇಳುವುದು ಅದಕ್ಕೇ. ಆದರೆ ಇದರಿಂದ ಸಿಗುವುದು ಒಂದು, ಅಬ್ಬಬ್ಬಾ ಎಂದರೆ ಒಂದೂವರೆ ಕಿ.ಮೀ. 12 ಇದ್ದದ್ದು 13 ಆಗಬಹುದು. 18 ಆಗುವುದಿಲ್ಲ. ಅಷ್ಟು ದೊಡ್ಡ ಕೊರತೆ ಇದ್ದರೆ ಮೂರನೇ ಸರ್ವೀಸಿನವರೆಗೆ ಕಾಯುವುದರಲ್ಲಿ ಅರ್ಥವಿಲ್ಲ, ವಾರಂಟಿಯ ಕಾಲ ಸುಮ್ನೆ ಕಳೆಯುತ್ತದೆ.

ಪೆಟ್ರೋಲ್ ವಿಷಯದಲ್ಲಿ ಗಲಾಟೆ ಜಾಸ್ತಿ, ಲೆಕ್ಕ ಕಡಿಮೆ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಭಾಗ ಎಥೆನಾಲ್ ಬೆರೆತ ಇ20. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇದೆ. ಹಾಗಾಗಿ ಒಂದು ಲೀಟರ್ ಇ20ಯಲ್ಲಿ ಶುದ್ಧ ಪೆಟ್ರೋಲಿಗಿಂತ ನೂರಕ್ಕೆ 6–7 ಭಾಗ ಶಕ್ತಿ ಕಡಿಮೆ. ಎಥೆನಾಲಿಗೆ ಆಕ್ಟೇನ್ (ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದೆ ತಾಳುವ ಗುಣ) ಜಾಸ್ತಿ, ಅದಕ್ಕೆ ತಕ್ಕಂತೆ ಎಂಜಿನ್ ಹೊಂದಿಸಿದರೆ ಸ್ವಲ್ಪ ವಾಪಸ್ ಸಿಗುತ್ತದೆ. ನೀತಿ ಆಯೋಗದ 2021ರ ವರದಿ, ಇ20ಗೆ ಹೊಂದಿಸಿದ ಕಾರುಗಳಲ್ಲಿ ನೂರಕ್ಕೆ 1–2 ಭಾಗ, ಹಳೆಯ ಕಾರುಗಳಲ್ಲಿ 6–7 ಭಾಗ ಮೈಲೇಜ್ ಇಳಿಯಬಹುದು ಎಂದು ಅಂದಾಜು ಮಾಡಿತ್ತು. ಅತಿ ಕೆಟ್ಟ ಲೆಕ್ಕ ಹಿಡಿದರೂ 20ರಲ್ಲಿ ಒಂದೂವರೆ ಕಿ.ಮೀ. ಹೋಗಬಹುದು. ಎಂಟು ಹೋಗುವುದಿಲ್ಲ. ಹಳೆಯ ಕಾರಿನಿಂದ ಹೊಸದಕ್ಕೆ ಬಂದವರು "ಆ ಕಾರು 2018ರಲ್ಲಿ 16 ಕೊಡುತ್ತಿತ್ತು" ಎಂದು ಹೋಲಿಸುವಾಗ ಪೆಟ್ರೋಲೂ ಬದಲಾಗಿದೆ ಎನ್ನುವುದು ಗಮನದಲ್ಲಿರಲಿ.

ಕಾಲು ಮತ್ತು ಗೇರು

ಓಡಿಸುವ ರೀತಿಯಲ್ಲಿ ದೋಷ ಇದೆಯೇ ಎಂದು ತಿಳಿಯಲು ಜಗಳ ಬೇಡ, ಅದಲುಬದಲು ಸಾಕು. ಮನೆಯಲ್ಲಿ ಇಬ್ಬರು ಓಡಿಸುವವರಿದ್ದರೆ ಒಂದು ವಾರ ಒಬ್ಬರು, ಇನ್ನೊಂದು ವಾರ ಇನ್ನೊಬ್ಬರು, ಅದೇ ದಾರಿ, ಅದೇ ಹೊತ್ತು. ಸರಾಸರಿ ವೇಗ ಇಬ್ಬರದ್ದೂ ಹೆಚ್ಚುಕಮ್ಮಿ ಒಂದೇ ಬಂದು, ಮೈಲೇಜ್‌ನಲ್ಲಿ ಎರಡು ಕಿ.ಮೀ. ವ್ಯತ್ಯಾಸ ಬಂದರೆ ಅದು ಕಾಲಿನ ವ್ಯತ್ಯಾಸ. ನುಗ್ಗಿ ಓಡಿಸಿದವರು ಬೇಗ ತಲುಪಿರುವುದಿಲ್ಲ ಎನ್ನುವುದೂ ಆಗಲೇ ಕಾಣುತ್ತದೆ.

ನೋಡಬೇಕಾದದ್ದು ಆಕ್ಸಿಲರೇಟರಿಗಿಂತ ಬ್ರೇಕ್. ಒತ್ತಿದ ಪ್ರತಿ ಬ್ರೇಕ್ ಅಂದರೆ ಆಗಲೇ ಸುಟ್ಟ ಪೆಟ್ರೋಲ್. ಮುಂದಿನ ವಾಹನಕ್ಕೆ ಅಂಟಿಕೊಂಡು ಹೋದರೆ ಅವರು ಬ್ರೇಕ್ ಹಾಕಿದಾಗಲೆಲ್ಲ ನೀವೂ ಹಾಕಬೇಕು. ಸ್ವಲ್ಪ ಜಾಗ ಬಿಟ್ಟರೆ ಕಾಲು ತೆಗೆದರೆ ಸಾಕು. "ಜಾಗ ಬಿಟ್ರೆ ಬೈಕಿನವರು ನುಗ್ತಾರೆ" ಎನ್ನುತ್ತಾರೆ. ನುಗ್ಗುತ್ತಾರೆ, ಹೌದು. ಆದರೂ ಲೆಕ್ಕದಲ್ಲಿ ಲಾಭ ನಿಮ್ಮದೇ.

ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಜೆಕ್ಷನ್ ಎಂಜಿನ್ ಪೆಟ್ರೋಲ್ ಸಪ್ಲೈಯನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಬೇಕು, ಪೆಟ್ರೋಲ್ ಸುಡುತ್ತದೆ. ಆದ್ದರಿಂದ ಶಿರಾಡಿ, ಚಾರ್ಮಾಡಿ ಘಾಟಿ ಇಳಿಯುವಾಗ ಮೈಲೇಜಿಗಾಗಿ ನ್ಯೂಟ್ರಲ್ ಹಾಕುವುದು ಎರಡು ಕಡೆಯಿಂದಲೂ ತಪ್ಪು. ಪೆಟ್ರೋಲೂ ಉಳಿಯುವುದಿಲ್ಲ, ಎಂಜಿನ್ ಹಿಡಿತವಿಲ್ಲದೆ ಬ್ರೇಕ್ ಕಾದು ಕೈಕೊಡುತ್ತದೆ. ದಯವಿಟ್ಟು ಯಾರೂ ಮಾಡಬೇಡಿ.

ಗೇರ್ ಬದಲಿಸುವುದು ಚಿಕ್ಕ ಪೆಟ್ರೋಲ್ ಎಂಜಿನ್‌ನಲ್ಲಿ 2,000 ಆರ್‌ಪಿಎಂ ಆಸುಪಾಸು, ಮೀಟರ್ ಬಾಣ ತೋರಿಸಿದಾಗ. ಹಾಗಂತ ಏರು ರಸ್ತೆಯಲ್ಲಿ ಎಂಜಿನ್ ನಡುಗುವಷ್ಟು ಮೇಲಿನ ಗೇರು ಬೇಡ. ಕ್ಲಚ್ ಮೇಲೆ ಕಾಲು ಇಟ್ಟುಕೊಂಡೇ ಓಡಿಸುವುದು, ಹೆಬ್ಬಾಳ ಫ್ಲೈಓವರ್ ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ ಕಾರು ನಿಲ್ಲಿಸಿಕೊಳ್ಳುವುದು ಮೈಲೇಜಿಗೂ ಕ್ಲಚ್ ಪ್ಲೇಟಿಗೂ ಕೇಡು. ಹ್ಯಾಂಡ್ ಬ್ರೇಕ್ ಇರುವುದೇ ಅದಕ್ಕೆ. ಸಿಗ್ನಲ್ ಅರ್ಧ ನಿಮಿಷ ದಾಟಿದರೆ ಎಂಜಿನ್ ಆಫ್ ಮಾಡಿ.

ಎಸಿ ಬಗ್ಗೆ ಇಷ್ಟು ಸಾಕು: ಬಿಸಿಲಲ್ಲಿ ನಿಂತ ಕಾರಿನ ಕಿಟಕಿ ತೆರೆದು ಬಿಸಿಗಾಳಿ ಹೋಗಲು ಬಿಡಿ, ಆಮೇಲೆ ಎಸಿ ಹಾಕಿ ಒಳಗಿನ ಗಾಳಿಯೇ ಸುತ್ತುವಂತೆ ಮಾಡಿ. ಹೈವೇಯಲ್ಲಿ ಕಿಟಕಿ ತೆರೆದು ಉಳಿಸುವ ಪ್ರಯತ್ನ ಬೇಡ.

ಹೈವೇಯಲ್ಲೂ ಬರುತ್ತಿಲ್ಲ

ಮೊದಲು ವೇಗ ನೋಡಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಆ ತಡೆ ನೂರಕ್ಕೆ 56 ಭಾಗ ಜಾಸ್ತಿ. 120ಕ್ಕೆ ಹೋದರೆ 80ರಲ್ಲಿದ್ದದ್ದರ ಎರಡೂಕಾಲು ಪಟ್ಟು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ಮಿತಿ 100. ಮೊದಲಿನ ರಸ್ತೆಗಿಂತ ಮೈಲೇಜ್ ಕಡಿಮೆ ಬರುತ್ತಿದೆ ಎನ್ನುವವರು ಈಗ ಎಷ್ಟರಲ್ಲಿ ಹೋಗುತ್ತಿದ್ದಾರೆ ಎಂದು ನೋಡಿಕೊಳ್ಳಬೇಕು. ಮೇಲೆ ಕ್ಯಾರಿಯರ್ ಇದ್ದರೆ ನಷ್ಟ ಇನ್ನೂ ಜಾಸ್ತಿ. ಸಾಮಾನಿಲ್ಲದ ಖಾಲಿ ಕ್ಯಾರಿಯರ್ ಕೂಡ ಗಾಳಿ ತಡೆಯುತ್ತದೆ.

ಇನ್ನೊಂದು ವಿಷಯ ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಮಂಗಳೂರು ಕಡಲ ತೀರದಲ್ಲಿದೆ. 1,100 ಕೆ.ಜಿ. ಕಾರನ್ನು ಅಷ್ಟು ಎತ್ತರಕ್ಕೆ ಹತ್ತಿಸಲಿಕ್ಕೇ ಒಂದು ಲೀಟರಿಗಿಂತ ಜಾಸ್ತಿ ಪೆಟ್ರೋಲ್ ಬೇಕು. ಊರಿಗೆ ಹೋಗುವಾಗ ಒಳ್ಳೆಯ ಮೈಲೇಜ್, ಬರುವಾಗ ಕಡಿಮೆ, "ಕಾರಿಗೆ ಏನೋ ಆಯ್ತು" ಎಂದು ಗಾಬರಿ. ಏನೂ ಆಗಿಲ್ಲ. ಮೈಸೂರು ಕೂಡ ಬೆಂಗಳೂರಿಗಿಂತ ನೂರೈವತ್ತು ಮೀಟರಿನಷ್ಟು ತಗ್ಗಿನಲ್ಲಿದೆ. ಹೋಗಿ ಬಂದ ಎರಡೂ ಕಡೆಯದ್ದನ್ನು ಸೇರಿಸಿಯೇ ಲೆಕ್ಕ ಹಾಕಬೇಕು.

ಕಾರಿನಲ್ಲಿ ದೋಷವಿದೆಯೇ ಎಂದು ತೀರ್ಮಾನಿಸುವ ಪರೀಕ್ಷೆ ಇಲ್ಲೇ ಇದೆ. ಟೈರ್ ತಣ್ಣಗಿರುವಾಗ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿರುವಷ್ಟು ಗಾಳಿ ತುಂಬಿಸಿ. ತುಮಕೂರು ಹೆದ್ದಾರಿಯಂಥ ರಸ್ತೆಗೆ ಬೆಳಗ್ಗೆ ಬೇಗ ಹೋಗಿ. 15 ಕಿ.ಮೀ. ಓಡಿಸಿ ಎಂಜಿನ್ ಬಿಸಿಯಾಗಲಿ. ಆಮೇಲೆ ಮೇಲಿನ ಗೇರಿನಲ್ಲಿ 70ರ ಸ್ಥಿರ ವೇಗಕ್ಕೆ ಬಂದು, ಪಕ್ಕದಲ್ಲಿ ಕೂತವರಿಂದ ಮೀಟರ್ ರೀಸೆಟ್ ಮಾಡಿಸಿ. 20 ಕಿ.ಮೀ. ಹೋಗಿ, ತಿರುಗಿಸಿ, ಅದೇ ರಸ್ತೆಯಲ್ಲಿ 20 ಕಿ.ಮೀ. ವಾಪಸ್ ಬನ್ನಿ. ಎರಡರ ಸರಾಸರಿ 18 ದಾಟಿದರೆ ಎಂಜಿನ್, ಬ್ರೇಕ್, ಟೈರ್ ಎಲ್ಲ ಸರಿ ಇವೆ. ನಿಮ್ಮ 12ಕ್ಕೆ ಕಾರಣ ಊರಿನ ಓಡಾಟ. 15ಕ್ಕಿಂತ ಕಡಿಮೆ ಬಂದರೆ ಕಾರನ್ನೇ ನೋಡಬೇಕು.

ಕಾರಿನಲ್ಲೇ ದೋಷವಿದ್ದರೆ

ಬ್ರೇಕ್ ಹಿಡಿದುಕೊಂಡಿದೆಯೇ ಎಂದು ಮೊದಲು ನೋಡಿ. ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಇದು ಆಗುತ್ತದೆ. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ ಬಿಗಿಯಾಗಿರಬಹುದು, ಹ್ಯಾಂಡ್ ಬ್ರೇಕ್ ಕೇಬಲ್ ಅತಿಯಾಗಿ ಎಳೆದಿರಬಹುದು. ಖಾಲಿ ರಸ್ತೆಯಲ್ಲಿ 10 ಕಿ.ಮೀ. ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ, ಕಾರು ತಾನಾಗಿ ನಿಧಾನವಾಗಿ ನಿಲ್ಲಲು ಬಿಡಿ. ಇಳಿದು ಪ್ರತಿ ಚಕ್ರದ ಹತ್ತಿರ ಅಂಗೈ ಹಿಂಭಾಗ ಹಿಡಿಯಿರಿ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಮುಂದಿನದಕ್ಕೂ ಹಿಂದಿನದಕ್ಕೂ ಹೋಲಿಸಬಾರದು, ಮುಂದಿನವು ಹೇಗೂ ಜಾಸ್ತಿ ಬಿಸಿ. ಎಡಕ್ಕೆ ಬಲವನ್ನು ಹೋಲಿಸಿ. ಒಂದು ಚಕ್ರ ಮಾತ್ರ ಕಾದಿದ್ದರೆ, ಸುಟ್ಟ ವಾಸನೆ ಇದ್ದರೆ, ಸಿಕ್ಕಿತು. ಹಿಂದಿನ ಎರಡೂ ಕಾದಿದ್ದರೆ ಹ್ಯಾಂಡ್ ಬ್ರೇಕ್ ನೋಡಿ. ಜ್ಯಾಕ್ ಹಾಕಿ ತಿರುಗಿಸಿದಾಗ ಚಕ್ರ ಸಲೀಸಾಗಿ ಸುತ್ತಬೇಕು.

ಎರಡನೆಯದು ಥರ್ಮೋಸ್ಟಾಟ್. ಎಂಜಿನ್ 80 ಡಿಗ್ರಿ ದಾಟುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಬಾಗಿಲು ಅದು. ತೆರೆದೇ ಸಿಕ್ಕಿಹಾಕಿಕೊಂಡರೆ ಎಂಜಿನ್ ಯಾವಾಗಲೂ ಅರೆಬಿಸಿ, ಕಂಪ್ಯೂಟರ್ ಯಾವಾಗಲೂ ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ. ಎಂಜಿನ್ ಬಿಸಿ ತೋರಿಸಲು ಮುಳ್ಳಿನ ಬದಲು ನೀಲಿ ದೀಪವಿರುವ ಕಾರುಗಳಲ್ಲಿ ಆ ದೀಪ ಕೆಲವು ನಿಮಿಷದಲ್ಲಿ ಆರಬೇಕು. ಬಹಳ ಹೊತ್ತು ಆರದಿದ್ದರೆ, ಅಥವಾ ಆರಿ, ಹೈವೇಯಲ್ಲಿ ಗಾಳಿ ಬಡಿದಾಗ ಮತ್ತೆ ಹತ್ತಿದರೆ, ಅನುಮಾನ ಬಲವಾಯಿತು. ಸ್ಕ್ಯಾನರಿನಲ್ಲಿ ಪಿ0128 ಕೋಡ್ ಬಂದರೆ ಅದು ಇದನ್ನೇ ಹೇಳುತ್ತದೆ.

ಮೂರನೆಯದಕ್ಕೆ ಸ್ಕ್ಯಾನರ್ ಬೇಕು. ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ ಚುಚ್ಚಿ ಫೋನಿನಲ್ಲಿ ನೋಡುವ ಬ್ಲೂಟೂತ್ ಸಾಧನ ಸಾಕು. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಎನ್ನುವ ಅಂಕಿ ನೋಡಿ. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಹೆಚ್ಚಿಸಬೇಕಾಯಿತು, ಎಷ್ಟು ಇಳಿಸಬೇಕಾಯಿತು ಎನ್ನುವುದು ಅದು. ಬಿಸಿ ಎಂಜಿನ್‌ನಲ್ಲಿ ಸೊನ್ನೆಯ ಆಚೀಚೆ 10ರೊಳಗೆ ಇದ್ದರೆ ಸರಿ. ಪ್ಲಸ್ 15, 20 ಇದ್ದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ, ಇಲ್ಲವೇ ಪೆಟ್ರೋಲ್ ಪ್ರೆಶರ್ ಕಡಿಮೆ. ಮೈನಸ್ 15, 20 ಇದ್ದರೆ ಬೇಡದ ಪೆಟ್ರೋಲ್ ಒಳಗೆ ಹೋಗುತ್ತಿದೆ: ಸೋರುವ ಇಂಜೆಕ್ಟರ್, ಮುಚ್ಚಿಕೊಳ್ಳದ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ಬಾಗಿಲು). ಎಂಜಿನ್ ಲೈಟ್ ಹತ್ತುವ ಮೊದಲೇ ಈ ಅಂಕಿ ಸರಿದಿರುತ್ತದೆ. ಹೊಸ ಕಾರಿನಲ್ಲಿ ಇದರ ಬೆಲೆ ಅದಕ್ಕೇ ಜಾಸ್ತಿ.

ಪೆಟ್ರೋಲ್ ವಾಸನೆ ಬಂದರೆ ಮಾತ್ರ ಯಾವ ಪರೀಕ್ಷೆಯೂ ಬೇಡ, ಕಾರು ಓಡಿಸದೆ ಸರ್ವೀಸ್ ಸೆಂಟರಿಗೆ ಫೋನ್ ಮಾಡಿ. ಕಾರಿನ ಮುಂಭಾಗದಡಿ ತೊಟ್ಟಿಕ್ಕುವ ವಾಸನೆಯಿಲ್ಲದ ನೀರು ಎಸಿಯದ್ದು, ಹೆದರಬೇಕಿಲ್ಲ.

ಏರ್ ಫಿಲ್ಟರ್ ಬದಲಿಸಿ ಎನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಇಂಜೆಕ್ಷನ್ ಕಾರಿನಲ್ಲಿ ಕೊಳೆಯಾದ ಫಿಲ್ಟರ್ ಪಿಕಪ್ ಕಡಿಮೆ ಮಾಡುತ್ತದೆ, ಮೈಲೇಜನ್ನು ಅಷ್ಟಾಗಿ ಅಲ್ಲ. ಆಯಿಲ್ ಗ್ರೇಡ್ ಮಾತ್ರ ಬಿಲ್ಲಿನಲ್ಲಿ ನೋಡಿ. ಮ್ಯಾನುಯಲ್‌ನಲ್ಲಿ 0ಡಬ್ಲ್ಯು-20 ಎನ್ನುವ ತೆಳು ಆಯಿಲ್ ಇದ್ದರೆ ಅದನ್ನೇ ಹಾಕಿಸಿ.

ಡೀಸೆಲ್ ಕಾರಿನವರಿಗೆ ಬೇರೆ ಮಾತಿದೆ. ಬಿಎಸ್6 ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್, ಊರಿನ ಓಡಾಟದಲ್ಲಿ ಮಸಿ ತುಂಬಿಕೊಂಡಾಗ ಜಾಸ್ತಿ ಡೀಸೆಲ್ ಸುಟ್ಟು ತನ್ನನ್ನು ಸ್ವಚ್ಛ ಮಾಡಿಕೊಳ್ಳುತ್ತದೆ. ಆಗ ಮೈಲೇಜ್ ದಿಢೀರ್ ಇಳಿಯುತ್ತದೆ. ಮಧ್ಯದಲ್ಲೇ ಎಂಜಿನ್ ಆಫ್ ಮಾಡುತ್ತಾ ಬಂದರೆ ಅದು ಮತ್ತೆ ಮತ್ತೆ ಶುರುವಾಗುತ್ತದೆ. ಆಗಾಗ ಹೈವೇಯಲ್ಲಿ ಒಂದು ಸುತ್ತು ಹೊಡೆಸಿ.

ಸರ್ವೀಸ್ ಸೆಂಟರಿಗೆ ಹೋಗುವಾಗ

ಜಾಬ್ ಕಾರ್ಡಿನಲ್ಲಿ "ಮೈಲೇಜ್ ಕಡಿಮೆ" ಎಂದಷ್ಟೇ ಬರೆಸಬೇಡಿ. ಅದಕ್ಕೆ ಸಿಗುವುದು ವಾಟರ್ ವಾಶ್, "ಚೆಕ್ ಮಾಡಿದೆವು, ಓಕೆ ಇದೆ" ಎನ್ನುವ ಉತ್ತರ. "70ರ ಸ್ಥಿರ ವೇಗದಲ್ಲಿ ಎರಡೂ ದಿಕ್ಕಿನ ಸರಾಸರಿ 14, ಎಡ ಹಿಂದಿನ ಚಕ್ರ ಬಿಸಿಯಾಗುತ್ತಿದೆ" ಎಂದು ಬರೆಸಿ. ಫುಲ್ ಟ್ಯಾಂಕ್ ಬಿಲ್ಲುಗಳು, ಓಡೋಮೀಟರ್ ಫೋಟೋಗಳು ಜೊತೆಗಿರಲಿ. ಜಾಬ್ ಕಾರ್ಡ್ ಪ್ರತಿ ಇಟ್ಟುಕೊಳ್ಳಿ, ವಾರಂಟಿ ಮುಗಿಯುವ ಮೊದಲೇ ದೂರು ಕೊಟ್ಟಿದ್ದಕ್ಕೆ ಅದೇ ದಾಖಲೆ.

ಅವರು ಮೈಲೇಜ್ ಟೆಸ್ಟ್ ಮಾಡಿ ತೋರಿಸುತ್ತೇವೆ ಎನ್ನಬಹುದು. ಒಪ್ಪಿಕೊಳ್ಳಿ, ನೀವೂ ಕಾರಿನಲ್ಲಿ ಕೂತುಕೊಳ್ಳಿ. ಅವರ ತಂತ್ರಜ್ಞರು ಎಸಿ ಆಫ್ ಮಾಡಿ, ಖಾಲಿ ರಸ್ತೆಯಲ್ಲಿ 50ರಲ್ಲಿ ಓಡಿಸಿ 22 ತೋರಿಸಿದರೆ ಎಂಜಿನ್ ಸರಿ ಇದೆ ಎನ್ನುವುದು ಒಪ್ಪಬೇಕಾದ ಮಾತು. ಎಸಿ ಹಾಕಿ, 80ರಲ್ಲಿ, ಎರಡೂ ದಿಕ್ಕಿಗೆ ಇನ್ನೊಮ್ಮೆ ಓಡಿಸಿ ಎಂದು ಕೇಳಿ. ಎರಡು ಅಂಕಿಗಳನ್ನೂ ಆ ದಿನದ ಓಡೋಮೀಟರ್ ರೀಡಿಂಗ್ ಜೊತೆ ಜಾಬ್ ಕಾರ್ಡಿನಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಮುಂದೆ ಎಂದಾದರೂ ಮೈಲೇಜ್ ನಿಜಕ್ಕೂ ಬಿದ್ದರೆ ಹೋಲಿಸಲು ಆ ಅಂಕಿಗಳು ಬೇಕಾಗುತ್ತವೆ.